ಜೋಕಾಲಿ ಕೊಂಡಿ

ಮಡಿವಾಳೆಪ್ಪನ ಹೊಸ ಮನೆಗೆ ಬಂದವರೆಲ್ಲ ಮೊದಲು ನೆಲದ ಟೈಲ್ಸ್ ನೋಡುತ್ತಾರೆ, ಆಮೇಲೆ ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ, ಆಮೇಲೆ ಅಡುಗೆಮನೆಯ ಕಪ್ಪು ಕಲ್ಲಿನ ಮೇಲೆ ಕೈಯಾಡಿಸುತ್ತಾರೆ. ಕತ್ತೆತ್ತಿ ಮೇಲೆ ಯಾರೂ ನೋಡುವುದಿಲ್ಲ. ಅಲ್ಲಿ ಫ್ಯಾನು ಬಿಟ್ಟರೆ ನೋಡಲಿಕ್ಕೆ ಏನೂ ಇಲ್ಲ. ಇರಬೇಕಾದ ಎರಡು ಕೊಂಡಿ ಅಲ್ಲಿ ಇಲ್ಲದೆ ಹೋದದ್ದು ಹೇಗೆ ಎಂಬುದನ್ನು ನಾನೇ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ನನ್ನ ಹೆಸರು ರಾಮಪ್ಪ. ಕುಂದಗೋಳದ ಸುತ್ತಿನ ಐದು ಹಳ್ಳಿಗೆ ಮೂವತ್ತೆರಡು ವರ್ಷ ಸೈಕಲ್ ಮೇಲೆ ಟಪಾಲು ಹಂಚಿ, ಈಗ ಮೂರು ವರ್ಷದಿಂದ ಮನೆಯಲ್ಲಿದ್ದೇನೆ. ಮನೆಯಲ್ಲಿ ಎಂದರೆ ನನ್ನ ಮನೆಯಲ್ಲಿ ಎಂದಲ್ಲ. ಊರಲ್ಲಿ ಯಾರು ಪಾಯ ತೋಡಲಿ, ಯಾರು ಬೋರ್ ಕೊರೆಸಲಿ, ನಾನು ಅಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತೇನೆ. ಕೆಲಸ ಬಾರದವನಿಗೆ ಬೇರೆಯವರ ಕೆಲಸ ನೋಡುವುದರಲ್ಲಿ ಇರುವ ಸುಖ ಕೆಲಸ ಬಲ್ಲವರಿಗೆ ತಿಳಿಯುವುದಿಲ್ಲ. ಇನ್ನು ಒಬ್ಬರ ಮನೆಯೊಳಗಿನ ವಿಷಯ ನನಗೆ ಬೇಕಾಗಿಲ್ಲ. ಟಪಾಲಿನವನ ದಾರಿ ಹೊಸ್ತಿಲಿಗೇ ಮುಗಿಯುತ್ತದೆ. ಆದರೆ ಅಷ್ಟು ವರ್ಷ ಹೊಸ್ತಿಲು ನೋಡಿದವನಿಗೆ ಒಳಗಿನದು ಸುಮಾರಾಗಿ ಗೊತ್ತಾಗಿಯೇ ಆಗುತ್ತದೆ.

ಮಡಿವಾಳೆಪ್ಪನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನು ನನಗಿಂತ ಏಳು ವರ್ಷ ಚಿಕ್ಕವನು. ಹದಿನಾಲ್ಕು ಎಕರೆ ಎರೆಹೊಲ ಇದೆ, ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುತ್ತಾನೆ. ಒಬ್ಬಳೇ ಮಗಳು ಶಿವಾನಿ, ಅವಳನ್ನು ನವಲಗುಂದಕ್ಕೆ ಕೊಟ್ಟಿದ್ದಾರೆ. ಅವರ ಹಳೆಯ ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಮೂರು ಕಡೆ ಸೋರುತ್ತಿತ್ತು, ಅದನ್ನು ಕೆಡವಿ ಅಲ್ಲೇ ಸ್ಲ್ಯಾಬಿನ ಮನೆ ಕಟ್ಟಲು ಹೊರಟ. ಕೇಳಿ ತಿಳಿದುಕೊಳ್ಳುವುದರಲ್ಲಿ ಅವನಿಗೆ ಯಾವ ಸಂಕೋಚವೂ ಇಲ್ಲ. ಟೈಲ್ಸಿನ ಬಣ್ಣವನ್ನು ಬೀಜದ ಅಂಗಡಿಯವನಿಗೆ ಕೇಳಿದ. ಬಾಗಿಲಿನ ಕಟ್ಟಿಗೆ ಯಾವುದಿರಲಿ ಎಂದು ಬಸ್ ಕಂಡಕ್ಟರನಿಗೆ ಕೇಳಿದ. ದೇವರ ಕೋಣೆಯ ದಿಕ್ಕನ್ನು ಮೂವರು ಅಯ್ಯನವರಿಗೆ ಕೇಳಿದ, ಮೂವರೂ ಮೂರು ದಿಕ್ಕು ಹೇಳಿದರು. ನನಗೂ ಬೇಕಾದಷ್ಟು ಕೇಳಿದ, ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಹೆಂಡತಿ ದಾನೇಶ್ವರಿಗೆ ಮಾತ್ರ ಏನನ್ನೂ ಕೇಳಿದ್ದು ನಾನು ಕಾಣೆ.

ಅವಳು ಅದಕ್ಕೇನೂ ಮುಖ ಸಣ್ಣ ಮಾಡಿಕೊಂಡವಳಲ್ಲ. ಒಂದು ಸಂಜೆ ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತಾಗ ನೀರು ತಂದಿಟ್ಟು, ತಾನಾಗಿಯೇ ಹೇಳಿದಳು.

"ಸ್ಲ್ಯಾಬ್ ಹಾಕೂವಾಗ ಜೋಕಾಲಿಗೆ ಎರಡ ಕೊಂಡಿ ಬಿಡಸ್ರಿ. ನನಗ ಬ್ಯಾರೆ ಏನೂ ಬ್ಯಾಡ."

ಹಳೆಯ ಮನೆಯಲ್ಲಿ ಪಡಸಾಲೆಯ ತೊಲೆ ಇತ್ತು. ನಾಗರ ಪಂಚಮಿ ಬಂದಾಗ ಎತ್ತು ಕಟ್ಟುವ ಮಿಣಿ ಹಗ್ಗವನ್ನು ತೊಲೆಗೆ ಹಾಕಿ, ನಡುವೆ ಒಂದು ಮಣೆ ಇಟ್ಟರೆ ಜೋಕಾಲಿ ಆಯಿತು. ದಾನೇಶ್ವರಿ ಮದುವೆಯಾಗಿ ಬಂದು ಮೂವತ್ತು ವರ್ಷ. ಅತ್ತೆ ಇರುವವರೆಗೆ ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಮಿಣಿ ತೊಲೆಯಿಂದ ಇಳಿದು ಹೊಲಕ್ಕೆ ಹೋಗುತ್ತಿತ್ತು. ಅತ್ತೆ ಹೋದ ಮೇಲೂ ಅದೇ ರೂಢಿ ನಡೆಯಿತು. ವರ್ಷಕ್ಕೆ ಐದು ದಿನದ ಜೋಕಾಲಿ, ಅದರಲ್ಲೂ ಮಕ್ಕಳು, ಬಂದ ಹೆಣ್ಣುಮಕ್ಕಳು, ಅವರ ಗೆಳತಿಯರು ಎಲ್ಲ ಕುಳಿತು ಮುಗಿದ ಮೇಲೆ ಅವಳ ಪಾಳಿ. ಹೊಸ ಮನೆಯಲ್ಲಿ ವರ್ಷಪೂರ್ತಿ ಇರುವ ಜೋಕಾಲಿ ಬೇಕು ಎಂದು ಅವಳು ಮನಸ್ಸಿನಲ್ಲಿ ಎಷ್ಟು ದಿನದಿಂದ ಇಟ್ಟುಕೊಂಡಿದ್ದಳೋ. ಸ್ಲ್ಯಾಬಿಗೆ ತೊಲೆ ಇರುವುದಿಲ್ಲ. ಒಳಗಿನ ಸರಳಿಗೆ ಮೊದಲೇ ಕೊಂಡಿ ಕಟ್ಟಿ, ಆಮೇಲೆ ಕಾಂಕ್ರೀಟ್ ಸುರಿಯಬೇಕು. ಸುರಿದ ಮೇಲೆ ಏನು ಮಾಡಿದರೂ ಇಲ್ಲ.

ಮಡಿವಾಳೆಪ್ಪ ಒಲ್ಲೆ ಎನ್ನಲಿಲ್ಲ. ಮಾರನೆಯ ವಾರವೇ ಕಮ್ಮಾರನ ಹತ್ತಿರ ದಪ್ಪ ಸರಳು ಬಗ್ಗಿಸಿ ಎರಡು ಕೊಂಡಿ ಮಾಡಿಸಿ ತಂದ. ನನಗೂ ತೋರಿಸಿದ. ಆನೆ ಕಟ್ಟಿದರೂ ಕಿತ್ತು ಬರುವಂಥವಲ್ಲ.

ಶಿವರಾತ್ರಿಯಾದ ಮರುವಾರ ಸ್ಲ್ಯಾಬ್ ಹಾಕಿದರು. ಗೌಂಡಿ ನಿಜಾಮಸಾಬ ನಮ್ಮ ಓಣಿಯವನೇ, ಒಳ್ಳೆಯ ಕೆಲಸಗಾರ. ಅವನ ಕಡೆಯವರು ಹದಿನೆಂಟು ಜನ, ಒಂದು ಮಿಕ್ಸರ್. ಸ್ಲ್ಯಾಬಿನ ದಿನ ಕೆಲಸಗಾರರಿಗೆ ಮನೆಯವರೇ ಊಟ ಹಾಕುವುದು ನಮ್ಮಲ್ಲಿ ಪದ್ಧತಿ. ದಾನೇಶ್ವರಿ ಬೆಳಗಿನಿಂದ ಹಿತ್ತಲಲ್ಲಿ ಗೋಡೆಯ ಪಕ್ಕ ಒಲೆ ಹೂಡಿ ಗೋದಿ ಹುಗ್ಗಿ ಮಾಡುತ್ತಿದ್ದಳು. ನಾನು ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡು ಮೇಲೆ ನಿಂತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಮಿಕ್ಸರಿಗೆ ಡೀಸೆಲ್ ಹಾಕಲೆಂದು ನಿಲ್ಲಿಸಿದರು. ಆಗ ನಿಜಾಮಸಾಬ ಕರಣೆ ಕೆಳಗಿಟ್ಟು ಕೇಳಿದ.

"ಅಣ್ಣಾರ, ಕೊಂಡಿ ತಂದೀರಿಲ್ರಿ? ಎಲ್ಲಿ ಬಿಡೂಣು ಹೇಳ್ರಿ. ಇನ್ನ ತಡಾ ಮಾಡಿದ್ರ ನನ್ನ ಕೈಯಾಗಿಲ್ಲ."

ಮಡಿವಾಳೆಪ್ಪ ಕಿಸೆಯಿಂದ ಕೊಂಡಿ ತೆಗೆದ. ಕಾಲ ಕೆಳಗೆ ಎಲ್ಲೆಲ್ಲೂ ಕಬ್ಬಿಣದ ಜಾಲ, ಯಾವುದರ ಕೆಳಗೆ ಯಾವ ಕೋಣೆ ಎಂದು ನೋಡುತ್ತಾ ನಿಂತ.

"ಪಡಸಾಲ್ಯಾಗ ಇರಬೇಕೇನೊ. ಇಲ್ಲಿಲ್ಲ, ಮಂದಿ ಬಂದು ಕುಂದ್ರೂ ಜಾಗಾ, ಅಕಿ ಅಲ್ಲಿ ಕುಂದ್ರೂದಿಲ್ಲ. ಮಲಗೂ ಖೋಲ್ಯಾಗ…" ಎಂದು ಕೊಂಡಿಗಳನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದ ಹೆಂಡತಿ ಎಲ್ಲಿ ಕುಳಿತರೆ ಅವಳಿಗೆ ಸಮಾಧಾನ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದು ಅವನಿಗೂ ಆ ಕ್ಷಣದಲ್ಲೇ ತಿಳಿಯಿತು ಎಂದು ಕಾಣುತ್ತದೆ. ಮುಖ ಕೆಂಪಗಾಯಿತು.

"ಅಕ್ಕಾರನ್ನ ಕೇಳ್ರೆಲಾ. ಇಲ್ಲೇ ಕೆಳಗ ಅದಾರ," ಎಂದ ನಿಜಾಮಸಾಬ.

ಮಡಿವಾಳೆಪ್ಪ ಸೆಂಟ್ರಿಂಗಿನ ಅಂಚಿಗೆ ಹೋದ, ಹಿತ್ತಲ ಕಡೆಗೆ ಬಗ್ಗಿದ. ಕರೆಯಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ನಾನು ಸುಮ್ಮನಿದ್ದಿದ್ದರೆ ಕರೆಯುತ್ತಿದ್ದ. ನನಗೆ ಬಾಯಿ ತುರಿಸಿತು.

"ಲೇ ಮಡಿವಾಳಿ, ಹದಿನೆಂಟ ಮಂದಿ ಕೆಲಸಾ ನಿಲ್ಲಿಸಿ ಹೇಂತಿನ್ನ ಜೋಕಾಲಿ ಕೇಳಾಕ ಹೊಂಟಿ ಏನ? ನಾಳೆ ತೂಗಾಕೂ ನೀನ ನಿಲ್ಲಾಂವ ಕಾಣಸ್ತಿ," ಎಂದು ನಕ್ಕೆ. ಸಣ್ಣಗೆ ನಗುವುದು ನನಗೆ ಬರುವುದಿಲ್ಲ. ಬುಟ್ಟಿ ಹಿಡಿದು ನಿಂತವರೆಲ್ಲ ನನ್ನ ಜೊತೆಗೆ ನಕ್ಕರು.

ಮಡಿವಾಳೆಪ್ಪನೂ ನಕ್ಕ. ನಗುತ್ತಲೇ ಕೊಂಡಿಯನ್ನು ಮತ್ತೆ ಕಿಸೆಗೆ ಇಳಿಸಿದ. "ಇರಲಿ ಬಿಡ ನಿಜಾಮ, ಕೆಲಸಾ ನಡೀಲಿ," ಎಂದ. ಮಿಕ್ಸರ್ ಶುರುವಾಯಿತು. ಎರಡು ಗಂಟೆಗೆಲ್ಲ ಸ್ಲ್ಯಾಬ್ ಮುಗಿದು ಎಲ್ಲರೂ ಹುಗ್ಗಿಗೆ ಕುಳಿತೆವು. ಹುಗ್ಗಿ ಚೆನ್ನಾಗಿತ್ತು, ನಾನು ಎರಡು ಸಲ ಹಾಕಿಸಿಕೊಂಡೆ.

ಕೆಲಸದವರೆಲ್ಲ ಹೋದ ಮೇಲೆ, ನಾನಿನ್ನೂ ಅಲ್ಲೇ ಇದ್ದಾಗ, ಅವಳು ಕೇಳಿದಳು. "ಕೊಂಡಿ ಬಿಡಸಿದ್ರೇನ್ರಿ?"

"ಗಡಿಬಿಡ್ಯಾಗ ಮರತ ಹೋತ ನೋಡು," ಎಂದ ಮಡಿವಾಳೆಪ್ಪ.

ಅವಳು ಹೂಂ ಎಂದು ಹುಗ್ಗಿಯ ಕೊಪ್ಪರಿಗೆ ತಿಕ್ಕಲು ಹೋದಳು. ನಮ್ಮ ಕಡೆ ಗಂಡಸು ಏನನ್ನು ಮರೆತರೂ ನಡೆಯುತ್ತದೆ, ಮರೆವಿಗೆ ಯಾರೂ ನಗುವುದಿಲ್ಲ. ಹಾಗಾಗಿ ಅವನು ಆ ಮಾತು ಆರಿಸಿಕೊಂಡ. ಮರುದಿನದಿಂದ ಸ್ಲ್ಯಾಬಿನ ಮೇಲೆ ಮಣ್ಣಿನ ಮಡಿ ಕಟ್ಟಿ ನೀರು ನಿಲ್ಲಿಸುವ ಕೆಲಸ ಅವಳದೇ ಆಯಿತು. ಇಪ್ಪತ್ತೊಂದು ದಿನ ಮುಂಜಾನೆ ಸಂಜೆ ಏಣಿ ಹತ್ತಿ, ಕೊಂಡಿಯಿಲ್ಲದ ಸ್ಲ್ಯಾಬನ್ನು ಅವಳೇ ನೀರುಣಿಸಿ ಗಟ್ಟಿ ಮಾಡಿದಳು.

ಬಸವ ಜಯಂತಿಯ ದಿನ ಮನೆ ತುಂಬಿದರು. ಊರಿಗೆಲ್ಲ ಊಟ. ಬಂದವರೆಲ್ಲ ಹೊಗಳಿದರು, ಅವಳೂ ನಗುನಗುತ್ತಾ ಎಲ್ಲರಿಗೂ ಮನೆ ತೋರಿಸಿದಳು. ಜೋಕಾಲಿಯ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ನಾನು ಆ ವಿಷಯ ಮುಗಿಯಿತು ಎಂದುಕೊಂಡೆ.

ಮುಗಿದಿಲ್ಲ ಎಂದು ತಿಳಿದದ್ದು ಹೊಸ್ತಿಲಿನಿಂದ. ಹಳೆಯ ಮನೆಯ ಹೊಸ್ತಿಲು ನಮ್ಮ ಓಣಿಯಲ್ಲೇ ಚೆಲುವಾದದ್ದು. ಹಬ್ಬಕ್ಕೆ ಎರಡು ದಿನ ಇರುವಾಗಲೇ ಅವಳು ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು, ಒಣಗಿದ ಮೇಲೆ ಸುಣ್ಣದಲ್ಲಿ ಬೆರಳು ಅದ್ದಿ ಚುಕ್ಕಿ ಇಡುತ್ತಿದ್ದಳು. ಉಗಾದಿಗೆ ಒಂದು ನಮೂನೆ, ಕಾರಹುಣ್ಣಿಮೆಗೆ ಬೇರೆ ನಮೂನೆ. ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಬಣ್ಣದಲ್ಲಿ ಕಿಟಕಿಯ ಸರಳಿಗೂ ಹಚ್ಚುವಳು. ಮಣ್ಣೆತ್ತಿನ ಅಮಾವಾಸ್ಯೆಗೆ ಬರೀ ಎತ್ತು ಮಾಡಿ ಬಿಡುವವಳಲ್ಲ. ಎತ್ತಿನ ಮುಂದೆ ಗೋದಲಿ, ಗೋದಲಿಯಲ್ಲಿ ಹಸಿ ಹುಲ್ಲು, ಎತ್ತಿನ ಕೊರಳಿಗೆ ಜೋಳದ ಕಾಳಿನ ಸರ. ನಾನು ಟಪಾಲು ಇಲ್ಲದಿದ್ದರೂ ಅಲ್ಲಿ ಸೈಕಲ್ ನಿಲ್ಲಿಸಿ ನೋಡಿದ್ದುಂಟು. ಯಾರೂ ಹೇಳಿ ಮಾಡಿಸಿದ್ದಲ್ಲ ಅದು.

ಹೊಸ ಮನೆಯ ಹೊಸ್ತಿಲಿಗೆ ಎರಡು ಗೆರೆ, ನಾಲ್ಕು ಚುಕ್ಕಿ. ಕಾರಹುಣ್ಣಿಮೆಗೂ ಅಷ್ಟೇ. ಮಣ್ಣೆತ್ತಿನ ಅಮಾವಾಸ್ಯೆಗೆ ಎರಡು ಎತ್ತು, ಒಂದು ಹೂವು, ಒಂದು ಊದುಬತ್ತಿ. ಮಾಡಬೇಕಾದದ್ದು ಒಂದೂ ಬಿಟ್ಟಿರಲಿಲ್ಲ. ಮಾಡದಿದ್ದರೂ ನಡೆಯುವಂಥದ್ದು ಒಂದೂ ಇರಲಿಲ್ಲ. ಅವಳ ಕೈ ಇನ್ನೂ ಓಡುತ್ತಿದ್ದದ್ದು ಹಿತ್ತಲಲ್ಲಿ ಮಾತ್ರ. ಮನೆ ಕಟ್ಟುವಾಗ ಮರಳು, ಇಟ್ಟಿಗೆ ಎಲ್ಲ ಸುರಿದು ಹಿತ್ತಲು ಹಾಳಾಗಿತ್ತು. ಅಬ್ಬಲಿಗೆ ಮತ್ತು ದುಂಡು ಮಲ್ಲಿಗೆಯನ್ನು ಅವಳು ಬಣ್ಣದ ಡಬ್ಬಿಗಳಲ್ಲಿ ಜೀವ ಹಿಡಿದು ಇಟ್ಟಿದ್ದಳು. ಮುಂಗಾರಿನ ಮಿರುಗ ಮಳೆಗೆ ಅವನ್ನು ನೆಲಕ್ಕಿಳಿಸಿ, ಚೆಂಡು ಹೂವಿನ ಬೀಜ ಚೆಲ್ಲಿ, ಬೇಲಿಗೆ ಹೀರೆ ಬಳ್ಳಿ ಹಬ್ಬಿಸಿದಳು.

ಅಮಾವಾಸ್ಯೆಯ ಮರುದಿನ ಮಡಿವಾಳೆಪ್ಪ ನನ್ನ ಕಟ್ಟೆಗೆ ಬಂದು ಕುಳಿತ.

"ಅಣ್ಣಾ, ಅಕಿಗೆ ಸಿಟ್ಟು ಬಂದೈತಿ."

"ಮಾತಾಡೂದು ಬಿಟ್ಟಾಳೇನು?"

"ಮಾತಾಡತಾಳ. ಅದ ಹೆದರಿಕಿ."

ಅವನಿಗೂ ಕಣ್ಣಿದೆ, ನನಗಿಂತ ತಡವಾಗಿ ಕಂಡಿತು ಅಷ್ಟೇ. ಮರುದಿನ ನಿಜಾಮಸಾಬನನ್ನು ಕರೆಸಿ, ಸ್ಲ್ಯಾಬಿಗೆ ಈಗ ತೂತು ಹಾಕಿ ಕೊಂಡಿ ಕೂಡಿಸು ಎಂದ. ನಿಜಾಮಸಾಬ ಕೆಳಗಿನಿಂದ ನೋಡಿ ತಲೆ ಅಲ್ಲಾಡಿಸಿದ. "ಒಳಗಿನ ಸರಳಿಗೆ ಡ್ರಿಲ್ ಹತ್ತಿದ್ರ ಕೆಲಸಾ ಕೆಡತೈತ್ರಿ. ಮನಿಶ್ಯಾರು ಕುಂದ್ರೂದು. ನಾ ಒಲ್ಲೆ," ಎಂದು ಚಹಾ ಕುಡಿದು ಹೋದ.

ಅದಾದ ಎಂಟು ದಿನಕ್ಕೆ ಹುಬ್ಬಳ್ಳಿಯಿಂದ ಟೆಂಪೊದಲ್ಲಿ ಒಂದು ಕಬ್ಬಿಣದ ಜೋಕಾಲಿ ಬಂತು. ನಾಲ್ಕು ಕಾಲು, ಮೇಲೆ ಅಡ್ಡ ಪಟ್ಟಿ, ಒರಗಲು ಬೆನ್ನು, ಕೈ ಇಡಲು ಎರಡು ಕಡೆ ತೋಳು, ಕೂರಲು ಹೂವಿನ ಚಿತ್ರದ ದಿಂಬು. ಮೂವರು ಸೇರಿ ಪಡಸಾಲೆಯಲ್ಲಿ ಇಳಿಸಿದರು. ಇಳಿದ ಮೇಲೆ ಪಡಸಾಲೆಯಲ್ಲಿ ತಿರುಗಾಡಲು ಜಾಗ ಉಳಿಯಲಿಲ್ಲ. ದಾನೇಶ್ವರಿ ಬಂದು ಕುಳಿತಳು, ಎರಡು ಸಲ ಹಿಂದೆ ಮುಂದೆ ಹೋದಳು, ಚೆನ್ನಾಗಿದೆ ಎಂದಳು. ಮರುದಿನ ನಾನು ಹೋದಾಗ ಅದರ ಮೇಲೆ ಕುಳಿತು ಪುಂಡಿ ಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಳು.

"ಹೆಂಗೈತಿ ತಂಗೆವ್ವ ಜೋಕಾಲಿ?"

"ಅಗದಿ ಬರೋಬರಿ ಐತ್ರಿ ಅಣ್ಣಾರ. ಕುಂತು ಪಲ್ಲೆ ಸೋಸಾಕ ಬರತೈತಿ, ಶೇಂಗಾ ಒಡ್ಯಾಕ ಬರತೈತಿ."

ಆ ವಾರ ಕಳೆಯುವುದರೊಳಗೆ ಅದರ ಮೇಲೆ ಒಗೆದ ಬಟ್ಟೆಯ ರಾಶಿ ಬಿತ್ತು. ಮಡಿವಾಳೆಪ್ಪ ದಿನಾ ಅದನ್ನು ದಾಟಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ನಕ್ಕವನು ನಾನು, ಸುಳ್ಳು ಹೇಳಿದವನು ಅವನು, ಮನೆಯಲ್ಲಿ ಕಬ್ಬಿಣ ತಂದು ಇಟ್ಟುಕೊಂಡವನೂ ಅವನು.

ಶ್ರಾವಣಕ್ಕೆ ಇನ್ನು ಹತ್ತು ದಿನ ಇರುವಾಗ ನಾನು ಗಟ್ಟಿ ಮನಸ್ಸು ಮಾಡಿ ಅವರ ಹಿತ್ತಲಿಗೆ ಹೋದೆ. ನಾಲ್ಕು ಗಂಟೆ ಆಗಿತ್ತು, ಮಡಿವಾಳೆಪ್ಪ ಹೊಲದಲ್ಲಿದ್ದ. ಅವಳು ಉಳಿದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಕುಳಿತು ಮಲ್ಲಿಗೆ ಬುಡದ ಕಸ ಕೀಳುತ್ತಿದ್ದಳು.

"ತಂಗೆವ್ವ, ಒಂದ ಮಾತು ಹೇಳಬೇಕು. ಕೊಂಡಿ ವಿಷಯ ಮಡಿವಾಳಿ ಮರತಿರಲಿಲ್ಲ."

"ಗೊತ್ತೈತ್ರಿ," ಎಂದಳು. ತಲೆ ಎತ್ತಲಿಲ್ಲ.

"ಹೆಂಗ ಗೊತ್ತು?"

"ಮಿಕ್ಸರ್ ಬಂದ್ ಆಗಿತ್ತು. ಅಕ್ಕಾರನ್ನ ಕೇಳ್ರಿ ಅಂತ ನಿಜಾಮಸಾಬ ಅಂದಿದ್ದು ಕೆಳಗ ಕೇಳಸ್ತು. ಕರೀತಾರ ಅಂತ ನಾ ಸೌಟು ಬಾಜು ಇಟ್ಟು, ಕೈ ಒರಸಿಕೊಂಡು ನಿಂತೆ." ಕಿತ್ತ ಕಸವನ್ನು ಬೇಲಿಯ ಕಡೆ ಒಗೆದಳು. "ಆಮ್ಯಾಲ ನಿಮ್ಮ ನಗಿ ಕೇಳಸ್ತು."

ನನ್ನ ಕಾಲದಲ್ಲಿ ಸಾವಿನ ತಂತಿ ಎಷ್ಟೋ ಮನೆಗೆ ಮುಟ್ಟಿಸಿದ್ದೇನೆ. ಆದರೆ ಅವು ಬೇರೆ ಯಾರೋ ಬರೆದವು, ನನ್ನ ಕೈಯಿಂದ ಹೋದವು ಅಷ್ಟೇ. ಇದು ನಾನೇ ಬರೆದದ್ದು. ಅವತ್ತಿನಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

"ತಪ್ಪಾತು ತಂಗೆವ್ವ."

"ನೀವು ನಕ್ರಿ, ಹೋತು. ನೀವೇನ ನಮ್ಮ ಮನ್ಯಾವ್ರಲ್ಲ." ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. "ಅವ್ರು ಈ ಇಪ್ಪತ್ತ ದಿನದಾಗ ಎಷ್ಟ ತ್ರಾಸ ತಗೊಂಡಾರ ನೋಡ್ರಿ. ಗೌಂಡಿನ್ನ ಕರಸಿದ್ರು, ಹುಬ್ಬಳ್ಳಿಗೆ ಹೋದ್ರು, ಅಷ್ಟ ದೊಡ್ಡ ಕಬ್ಬಣ ತಂದ್ರು. ನಿನಗ ಎಲ್ಲಿ ಬೇಕಾಗಿತ್ತು ಅಂತ ಇವತ್ತಿನ ಮಟಾ ಕೇಳಿಲ್ಲ."

"ನಾ ಹೇಳತೇನಿ ಅವಂಗ, ಕೇಳು ಅಂತ."

"ಬ್ಯಾಡ್ರಿ. ನೀವು ಹೇಳಿ ಅವ್ರು ಕೇಳಿದ್ರ ಅದು ನಿಮ್ಮ ಮಾತಾತು."

ಹೇಳಬೇಡ ಎಂದದ್ದನ್ನು ಹೇಳದೆ ಇರುವುದು ನನಗೆ ಕಷ್ಟ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮಡಿವಾಳೆಪ್ಪ ಸಿಕ್ಕಾಗ ಅರ್ಧ ಮಾತ್ರ ಹೇಳಿದೆ.

"ನೀ ಮರತಿಲ್ಲಂತ ಅಕಿಗೆ ಗೊತ್ತೈತಿ. ಸ್ಲ್ಯಾಬಿನ ಮ್ಯಾಲಿಂದು ಎಲ್ಲಾ ಕೇಳಿಸಿಕೊಂಡಾಳ."

ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡು ಹೋದ. ನಾಲ್ಕು ದಿನ ನನ್ನ ಕಟ್ಟೆಯ ಕಡೆ ಬರಲಿಲ್ಲ.

ಪಂಚಮಿಗೆ ಶಿವಾನಿ ಕೂಸನ್ನು ಎತ್ತಿಕೊಂಡು ನವಲಗುಂದದಿಂದ ಬಂದಳು. ರೊಟ್ಟಿ ಪಂಚಮಿಯ ದಿನ, ಓಣಿಯ ಎಲ್ಲ ಮನೆಯಲ್ಲೂ ರೊಟ್ಟಿ ಬಡಿಯುವ ಸಪ್ಪಳ. ಅದೇ ದಿನ ಮಡಿವಾಳೆಪ್ಪ ಹಿತ್ತಲ ಬಾಗಿಲಿನ ಮುಂದೆ ತಗಡಿನ ಮಾಡು ಹಾಕಿಸಲು ಜನರನ್ನು ಕರೆಸಿದ್ದ. ಔಷಧ ಹೊಡೆಯುವ ಪಂಪು, ಕಟ್ಟಿಗೆ, ಗೊಬ್ಬರದ ಚೀಲ ಮಳೆಗೆ ನೆನೆಯುತ್ತವೆ ಎಂದು ಬಹಳ ದಿನದಿಂದ ಹೇಳುತ್ತಿದ್ದ. ನಿಜಾಮಸಾಬ, ವೆಲ್ಡಿಂಗಿನವನು, ಇನ್ನಿಬ್ಬರು. ಐದನೆಯವನಾಗಿ ನಾನು, ಈ ಸಲ ಬಾಯಿ ಮುಚ್ಚಿಕೊಂಡು. ಕಂಬ ನಿಂತವು. ಅಡ್ಡಕ್ಕೆ ಹಾಕುವ ದಪ್ಪ ಪೈಪನ್ನು ಇಬ್ಬರು ಎತ್ತಿ ಹಿಡಿದಾಗ ಮಡಿವಾಳೆಪ್ಪ, "ತಡೀರಿ ಸ್ವಲ್ಪ," ಎಂದ. ಮನೆಯ ಕಡೆ ತಿರುಗಿ ಕೂಗಿದ.

"ಶಿವಾನೀ."

ಅವನು ಹೆಂಡತಿಯನ್ನು ಕರೆಯುವುದೇ ಹಾಗೆ. ಮಗಳು ಹುಟ್ಟಿದಾಗಿನಿಂದ ಮಗಳ ಹೆಸರು, ಮಗಳು ಗಂಡನ ಮನೆಗೆ ಹೋದ ಮೇಲೂ ಮಗಳ ಹೆಸರು. ಕರೆದಾಗ ಬರುವವಳು ದಾನೇಶ್ವರಿ. ಅವತ್ತು ಮಾತ್ರ ಕಂಕುಳಲ್ಲಿ ಕೂಸು ಇಟ್ಟುಕೊಂಡು ಶಿವಾನಿಯೇ ಬಂದಳು.

"ಏನಪ್ಪಾ?"

"ನೀ ಅಲ್ಲ."

"ಮತ್ತ್ಯಾರು?"

ಮಡಿವಾಳೆಪ್ಪ ನಮ್ಮನ್ನು ನೋಡಿದ. ಪೈಪು ಹಿಡಿದವರ ತೋಳು ನಡುಗುತ್ತಿದ್ದವು. ಅವನು ಬಾಗಿಲ ಕಡೆ ತಿರುಗಿ, "ದಾನೇಶ್ವರೀ," ಎಂದು ಕೂಗಿದ. ದನಿ ಅಳತೆಗಿಂತ ದೊಡ್ಡದಾಯಿತು. ಆಚೆ ಮನೆಯ ರೊಟ್ಟಿಯ ಸಪ್ಪಳವೂ ಒಂದು ಗಳಿಗೆ ನಿಂತಿತು.

ಅವಳು ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದಳು.

"ಈ ಪೈಪಿಗೆ ಜೋಕಾಲಿ ಕಟ್ಟಬೇಕಂತ ಮಾಡೇನಿ," ಎಂದ ಮಡಿವಾಳೆಪ್ಪ. "ನಿನಗ ಎಲ್ಲಿ ಬೇಕು ಹೇಳು." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅವತ್ತೂ ಕೇಳಬೇಕಾಗಿತ್ತು. ಮಂದಿ ನಗತಾರಂತ ಕೇಳಲಿಲ್ಲ. ಮರತೇನಿ ಅಂದಿದ್ದು ಸುಳ್ಳು."

ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ. ನಿಜಾಮಸಾಬ ಬೀಡಿ ಹಚ್ಚಲು ಆಚೆ ತಿರುಗಿದ. ದಾನೇಶ್ವರಿ ಒಳಗೆ ಹೋದಳು. ಹೋದವಳು ಬರುತ್ತಾಳೋ ಇಲ್ಲವೋ ಎಂದು ನನಗೆ ಅನುಮಾನವಾಯಿತು. ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಬಂದಳು.

ಬಂದವಳು ಅವಸರ ಮಾಡಲಿಲ್ಲ. ಮೊದಲು ಹಿತ್ತಲನ್ನು ನೋಡಿದಳು. ಎಡಕ್ಕೆ ನಾಲ್ಕು ಹೆಜ್ಜೆ ಹೋಗಿ ನಿಂತು ನೋಡಿದಳು, ನುಗ್ಗೆ ಮರ ಅಡ್ಡ ಬರುತ್ತದೆ ಎಂದಳು. ಬಲಕ್ಕೆ ಬಂದಳು, ಅಲ್ಲಿ ಸಂಜೆಯ ಬಿಸಿಲು ಮುಖಕ್ಕೆ ಹೊಡೆಯುತ್ತದೆ ಎಂದಳು. ಪೈಪನ್ನು ಎರಡು ಅಡಿ ಹಿಂದಕ್ಕೆ ಸರಿಸಲು ಹೇಳಿದಳು, ಸರಿಸಿದರು. ಮತ್ತೆ ಅರ್ಧ ಅಡಿ ಮುಂದಕ್ಕೆ ತರಲು ಹೇಳಿದಳು. ವೆಲ್ಡಿಂಗಿನವನು ಹೊತ್ತಾಯಿತು ಎಂದು ಗೊಣಗಿದಾಗ ನಿಜಾಮಸಾಬ, "ತಾಳ್ಕೊಳೋ," ಎಂದ. ಕೊನೆಗೆ ನೆಲದಲ್ಲಿ ಬಿದ್ದಿದ್ದ ಒಂದು ಇಟ್ಟಿಗೆಯನ್ನು ಕಾಲಿನಿಂದ ಸರಿಸಿ, "ಇಲ್ಲೆ," ಎಂದಳು.

ಸಂಜೆಯೊಳಗೆ ಜೋಕಾಲಿ ಆಯಿತು. ಹೊಸ ಹಗ್ಗ, ಹಳೆಯ ಮನೆಯ ಮಣೆ. ಹೊಸ್ತಿಲಿಗೆ ಆ ಪಂಚಮಿಗೂ ಎರಡೇ ಗೆರೆ. ನಾನು ಬೇರೆ ಏನೋ ಕಾಣಬಹುದು ಎಂದುಕೊಂಡಿದ್ದೆ, ಕಾಣಲಿಲ್ಲ.

ಪಂಚಮಿಯ ದಿನ ಮಧ್ಯಾಹ್ನ, ನಾಗಪ್ಪನಿಗೆ ಹಾಲು ಎರೆದು ಊಟ ಮುಗಿದ ಮೇಲೆ, ಮಡಿವಾಳೆಪ್ಪನ ಪಡಸಾಲೆಯಲ್ಲಿ ಕಬ್ಬಿಣದ ಜೋಕಾಲಿಯನ್ನು ಗೋಡೆಗೆ ಸರಿಸಿ ನಾವು ನಾಲ್ಕು ಜನ ಕುಳಿತಿದ್ದೆವು. ಅವನು, ನಾನು, ಉಂಡಿ ತಿನ್ನಲು ಕರೆದಿದ್ದ ನಿಜಾಮಸಾಬ, ಸೊಸೈಟಿಯ ಪ್ರಭು. ಶಿವಾನಿ ಗೆಳತಿಯರ ಮನೆಗೆ ಉಂಡಿ ಕೊಡಲು ಹೋಗಿದ್ದಳು. ತಟ್ಟೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಹುರಿದ ಜೋಳದ ಅಳ್ಳು. ತಿಂದು ಬಾಯಿ ಒಣಗಿತ್ತು. ಮಡಿವಾಳೆಪ್ಪ ಕುಳಿತಲ್ಲಿಂದಲೇ ಕೂಗಿದ.

"ನಾಕ ಕಪ್ ಚಾ ಇಡು."

"ನನ್ನ ಕೈ ಖಾಲಿ ಇಲ್ರಿ," ಎಂದು ಹಿತ್ತಲಿನಿಂದ ಉತ್ತರ ಬಂತು.

"ಏನ ಹಿಡದಿ ಕೈಯಾಗ?"

"ಹಗ್ಗ."

ನಾನು ಕುಳಿತ ಜಾಗದಿಂದ ಮನೆಯ ಉದ್ದಕ್ಕೂ ಹಿತ್ತಲ ಬಾಗಿಲು ಕಾಣುತ್ತದೆ. ದಾನೇಶ್ವರಿ ಜೋಕಾಲಿಯ ಮೇಲಿದ್ದಳು. ಎರಡು ಕೈಯಲ್ಲೂ ಹಗ್ಗ, ಕಾಲು ನೆಲದಿಂದ ಮೇಲೆ, ಕಣ್ಣು ಚೆಂಡು ಹೂವಿನ ಕಡೆ. ಆ ಮನೆಗೆ ನಾನು ಎಷ್ಟೋ ಸಾವಿರ ಸಲ ಹೋಗಿದ್ದೇನೆ. ಪ್ರತಿ ಸಲವೂ ಅವಳ ಕೈಯಲ್ಲಿ ಮೊರ, ಇಲ್ಲವೆ ಕಸಬರಿಗೆ, ಇಲ್ಲವೆ ಕೂಸು, ಇಲ್ಲವೆ ಯಾರದೋ ತಾಟು. ಕಾಗದ ತೆಗೆದುಕೊಳ್ಳುವಾಗಲೂ ಕೈ ಹಸಿಯಾಗಿರುತ್ತಿತ್ತು. ಕುರ್ಚಿಯಲ್ಲಿ ಕುಳಿತವಳ ಕೈಗೆ ಯಾರಾದರೂ ಏನಾದರೂ ಕೊಡಬಹುದು. ಜೋಕಾಲಿಯ ಮೇಲೆ ಕುಳಿತವಳು ಹಗ್ಗ ಬಿಟ್ಟರೆ ಬೀಳುತ್ತಾಳೆ. ಅವಳು ಮೂವತ್ತು ವರ್ಷ ಕಾದದ್ದು ಯಾತಕ್ಕೆ ಎಂದು ನನಗೆ ಆಗ ತಿಳಿಯಿತು. ತಿಳಿದು ಸಂಕಟವಾಯಿತು.

ಪ್ರಭು ನೆಲ ನೋಡಿದ. ಮಡಿವಾಳೆಪ್ಪ ತಟ್ಟೆಯನ್ನು ಬದಿಗೆ ಸರಿಸಿ ಎದ್ದು ಅಡುಗೆಮನೆಗೆ ಹೋದ. ಪಾತ್ರೆ ಬಿದ್ದ ಸಪ್ಪಳ ಕೇಳಿತು, ಗ್ಯಾಸ್ ಹತ್ತಿಸುವ ಸಪ್ಪಳ ಮೂರು ಸಲ ಕೇಳಿತು, ಡಬ್ಬಿಗಳ ಮುಚ್ಚಳ ಒಂದಾದ ಮೇಲೊಂದು ತೆಗೆದು ಹಾಕುವುದು ಕೇಳಿತು.

"ಸಕ್ಕರಿ ಎಲ್ಲೈತಿ?" ಎಂದು ಒಳಗಿನಿಂದ ಕೂಗಿದ.

ಜೋಕಾಲಿ ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮತ್ತೊಮ್ಮೆ ಮುಂದಕ್ಕೆ ಹೋಯಿತು.

"ಹುಡುಕ್ರಿ," ಎಂದಳು ದಾನೇಶ್ವರಿ.